ಬರಬೇಡಿ ಎಂದು ಜಾಹೀರಾತು ಕೊಟ್ಟ ಬೇಸಿಗೆ

ಖಾರ ಕುಟ್ಟಿಸಲು ಬಂದ ಹೆಂಗಸರು ಚೀಲ ಇಟ್ಟು ಹೋಗುವುದಿಲ್ಲ. ಜೋಳ ಬೀಸಲು ಕೊಟ್ಟವರು "ಸಂಜಿಗೆ ಬರ್ತೇವಿ" ಎಂದು ಹೋಗುತ್ತಾರೆ. ಜಂಪರು ಹೊಲಿಯಲು ಕೊಟ್ಟವರು ಹೋಗುತ್ತಾರೆ. ಬಂಗಾರದ ಬಳೆ ಕರಗಿಸಲು ಕೊಟ್ಟವರೂ ಅಕ್ಕಸಾಲಿಗನ ಮುಖ ನೋಡಿ, ಧೈರ್ಯ ತಂದುಕೊಂಡು ಎದ್ದು ಹೋಗುತ್ತಾರೆ. ಖಾರದ ವಿಷಯಕ್ಕೆ ಬಂದರೆ ಮಾತ್ರ ಸ್ವಂತ ಅಕ್ಕನ ಮೇಲೂ ಭರವಸೆ ಇಲ್ಲ.

ರಾಣೇಬೆನ್ನೂರಿನಲ್ಲಿ ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಖಾರ ಕುಟ್ಟುವ ಗಿರಣಿ ನಡೆಸುತ್ತಾಳೆ. ಒಳಗೆ ಎರಡು ಯಂತ್ರ. ಕಬ್ಬಿಣದ ಒನಕೆಗಳು ಸಾಲಾಗಿ ಎದ್ದು ಒರಳಿಗೆ ಬೀಳುತ್ತವೆ. ಯಂತ್ರದ ಎದುರಿಗೆ ಒಂದು ಕಲ್ಲಿನ ಕಟ್ಟೆ. ಮೆಣಸಿನಕಾಯಿ ತಂದವರು ಮೂಗಿಗೆ ಸೆರಗು ಕಟ್ಟಿಕೊಂಡು, ಸೀನುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ತಮ್ಮ ಖಾರ ಪೂರ್ತಿ ಕುಟ್ಟಿ ಡಬ್ಬಿ ಸೇರುವವರೆಗೂ ಆ ಕಟ್ಟೆ ಬಿಟ್ಟು ಏಳುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ ಕಾಯಿ ಎಷ್ಟು, ಉರಿಗೆ ಬೇರೆ ಕಾಯಿ ಎಷ್ಟು, ಕೊತ್ತಂಬರಿ ಬೀಜ ಎಷ್ಟು, ಒಣಕೊಬ್ಬರಿ ಹುರಿದದ್ದೋ ಹಸಿಯದ್ದೋ, ಇದು ಮನೆಮನೆಗೆ ಬೇರೆ. ಒಂದು ಮನೆಯ ಖಾರದಲ್ಲಿ ಇನ್ನೊಂದು ಮನೆಯ ವಾಸನೆ ಬೆರೆತರೆ ವರ್ಷವಿಡೀ ಸಾರು ಪರಕೀಯ. ಅದಕ್ಕೇ ಇನ್ನೊಂದು ಪದ್ಧತಿ ಇದೆ. ಹೊಸ ಮನೆಯ ಸರದಿ ಬಂದಾಗ ಮೊದಲು ಒಂದು ಹಿಡಿ ಮೆಣಸಿನಕಾಯಿ ಹಾಕಿ ಕುಟ್ಟುತ್ತಾರೆ. ಹಿಂದಿನ ಮನೆಯದು ಏನು ಉಳಿದಿದೆಯೋ ಅದೆಲ್ಲ ಆ ಹಿಡಿಯ ಜೊತೆ ಹೊರಗೆ ಬರುತ್ತದೆ. ಅದನ್ನು ಒರಳಿನ ಹಿಡಿ ಎನ್ನುತ್ತಾರೆ. ಅದು ಗಿರಣಿಯವರಿಗೆ. ಚಿಗವ್ವ ಅದನ್ನೆಲ್ಲ ಒಂದು ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿಡುತ್ತಾಳೆ. ನಮ್ಮ ಮನೆಯ ಅಡಿಗೆಗೆ ಅದೇ ಖಾರ. ನಾನು ಅವಳ ಮನೆಯಲ್ಲಿದ್ದು ಓದಿದವಳು. ಹಾಗೆ ನೋಡಿದರೆ ಊರಿನ ಎಲ್ಲ ಮನೆಯ ಖಾರ ತಿಂದು ಬೆಳೆದವಳು. ನನ್ನ ನಾಲಿಗೆ ಯಾಕೆ ಹೀಗಿದೆ ಎಂದು ಕೇಳುವವರಿಗೆ ಚಿಗವ್ವ ಕೊಡುವ ವಿವರಣೆಯೂ ಇದೇ.

ನನ್ನ ನಾಲಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾವೇರಿಯಲ್ಲಿ ಕಾಲೇಜು ಓದುವಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಸಿಗಲಿ, ವಿರೋಧ ಸಿಗಲಿ, ಮಾತಾಡಬೇಕು. ಆದರೆ ನನಗೆ ವಿರೋಧವೇ ಇಷ್ಟ. "ಸಾಕ್ಷಿ ಎಲ್ಲಿದೆ?" ಎನ್ನುವುದು ಅಲ್ಲಿ ಕಲಿತ ಮಾತು. ಅದು ಹಲ್ಲಿಗೆ ಅಂಟಿಕೊಂಡಿತು. ಈಗ ಒಂದು ತರಬೇತಿ ಕೇಂದ್ರದಲ್ಲಿ ಸ್ಪರ್ಧಾ ಪರೀಕ್ಷೆಯವರಿಗೆ ತರ್ಕ ಹೇಳಿಕೊಡುತ್ತೇನೆ. ಬೆಳಿಗ್ಗೆ ಗಿರಣಿಯಲ್ಲಿ ಚಿಗವ್ವನಿಗೆ ಕೈ ಜೋಡಿಸುತ್ತೇನೆ.

ಗಿರಣಿಯ ಕಟ್ಟೆ ಕೆಲವು ವರ್ಷಗಳಿಂದ ಖಾಲಿಯಾಗುತ್ತಾ ಬಂದಿತ್ತು. ಅಂಗಡಿಯಲ್ಲಿ ಪುಡಿಯ ಪೊಟ್ಟಣ ಸಿಗುತ್ತದೆ. ಮೇಲಿನ ಮಾಳಿಗೆಯಲ್ಲಿ ಬಾಡಿಗೆಗೆ ಇರುವವರಿಗೆ ಕಾಯಿ ಒಣಗಿಸಲು ಬಿಸಿಲಿನ ಅಂಗಳ ಸಿಗುವುದಿಲ್ಲ. ಹಳೆಯ ಯಂತ್ರ ಕೊಳ್ಳುವ ವ್ಯಾಪಾರಿಯೊಬ್ಬ ಸಂಕ್ರಾಂತಿ ಮುಗಿದ ಮೇಲೆ ಬಂದು, ಎರಡೂ ಯಂತ್ರಗಳ ಮೈ ತಟ್ಟಿ ನೋಡಿ, "ಅಕ್ಕಾರ, ಮನಸ್ಸು ಮಾಡ್ರಿ. ಈಗ ಕೊಟ್ರ ಯಂತ್ರ ಅಂತ ತಗೋತೇನಿ. ಇನ್ನ ಸ್ವಲ್ಪ ತಡಾ ಮಾಡಿದ್ರ ಮೋಡಕಾ, ಹಳೇ ಕಬ್ಬಿಣಾ ಅಂತ ತಗೋತೇನಿ" ಎಂದ.

ಚಿಗವ್ವ ಅವನಿಗೆ ಚಹಾ ಕೊಟ್ಟಳು. "ಈ ಬ್ಯಾಸಗಿ ಹಂಗಾಮ ನೋಡ್ತೇನ್ರಿ. ಕಟ್ಟಿ ತುಂಬಿದ್ರ ಇಟ್ಕೋತೇನಿ. ಇಲ್ಲಂದ್ರ ನೀವ ಒಯ್ಯಿರಿ."

ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. "ನೀ ಊರ ಮಂದಿ ಕೂಡ ವಾದಾ ಮಾಡ್ತಿ. ಈ ಸಲ ಗಿರಣಿ ಪರ ಮಾಡು."

ಹೀಗೆ ನಮ್ಮ ಆನ್‌ಲೈನ್ ಪ್ರಚಾರದ ಪ್ರಯಾಣ ಶುರುವಾಯಿತು.

ಹಾವೇರಿಯಲ್ಲಿ ಸಣ್ಣ ಉದ್ಯಮದವರಿಗಾಗಿ ಒಂದು ದಿನದ ತರಬೇತಿ ಇತ್ತು. ಹಪ್ಪಳ ಮಾಡುವವರು, ಬ್ಯೂಟಿ ಪಾರ್ಲರಿನವರು, ಕುಮಾರಪಟ್ಟಣದಿಂದ ಬಂದ ಒಬ್ಬ ಕೇಕ್ ಮಾಡುವ ತಾಯಿ, ಹೀಗೆ ಒಂದು ಸಭಾಂಗಣದ ಜನ. ತರಬೇತಿ ಕೊಡಲು ಬಂದವನು ಕೆನ್ನೆಗೆ ಅಂಟುವ ಮೈಕ್ ಹಾಕಿಕೊಂಡಿದ್ದ ಯುವಕ. ರೀಲ್ಸ್ ಮಾಡಿ, ಮ್ಯಾಪಿನಲ್ಲಿ ಹೆಸರು ಹಾಕಿ, ಸ್ವಂತ ಜಾಲತಾಣ ತೆರೆಯಿರಿ, ಕಾಸು ಕೊಟ್ಟು ನಿಮ್ಮ ಊರಿನ ಫೋನುಗಳಿಗೆ ಮಾತ್ರ ಜಾಹೀರಾತು ಹೋಗುವಂತೆ ಮಾಡಿ, ದೊಡ್ಡ ಮಾರಾಟ ತಾಣಗಳಲ್ಲಿ ಪೊಟ್ಟಣ ಇಡಿ ಎಂದು ಒಂದೊಂದಾಗಿ ತೋರಿಸಿದ. ಒಂದು ಉಪ್ಪಿನಕಾಯಿಯ ವಿಡಿಯೋವನ್ನು ಎಷ್ಟು ಜನ ನೋಡಿದರು ಎಂದು ಪರದೆಯ ಮೇಲೆ ಹಾಕಿದಾಗ ಎಲ್ಲರೂ ಹೋ ಎಂದರು.

ನಾನು ಕೈ ಎತ್ತಿದೆ. "ನೋಡಿದವರು ಇಷ್ಟು ಅಂದ್ರಿ. ಕೊಂಡವರು ಎಷ್ಟು?"

"ಮೇಡಂ, ಮೊದಲು ನೋಡಬೇಕಲ್ವಾ? ನೋಡಿದ ಮೇಲೆ ತಾನೆ ಕೊಳ್ಳೋದು."

"ನಮ್ಮ ಗಿರಣಿ ಮುಂದ ದಿನಾ ಬಸ್ಸು ಹೋಗ್ತಾವು. ಕಿಡಕ್ಯಾಗ ಕುಂತ ಮಂದಿ ಎಲ್ಲಾರೂ ನಮ್ಮ ಗಿರಣಿ ನೋಡ್ತಾರ. ಅವರನ್ನೂ ಲೆಕ್ಕಕ್ಕ ಹಿಡೀಲೇನ್ರಿ?"

ಸಭೆ ನಕ್ಕಿತು. ಚಿಗವ್ವ ಮೊಳಕೈಯಿಂದ ತಿವಿದು, "ಹುಡುಗಗ ಊಟಾ ಆಗಿಲ್ಲ ಇನ್ನ, ಬಿಡ" ಎಂದಳು. ಆದರೆ ಆ ಯುವಕ ಸಿಟ್ಟಾಗಲಿಲ್ಲ. ಅದಕ್ಕೆ ಅವನನ್ನು ಈಗಲೂ ಮೆಚ್ಚುತ್ತೇನೆ. ಚಿಗವ್ವನ ಕಡೆ ನೋಡಿ ಕೇಳಿದ: "ಅಮ್ಮ, ನಿಮ್ಮ ಗಿರಾಕಿಗಳು ನಿಮ್ಮ ಹತ್ತಿರ ಯಾಕೆ ಬರ್ತಾರೆ ಅನ್ನೋದು ನಿಮಗೆ ಗೊತ್ತಾ? ಅದು ಸರಿಯಾಗಿ ಗೊತ್ತಾದರೆ ಇದರಲ್ಲಿ ಯಾವ ದಾರಿಯಾದರೂ ನಡೆಯುತ್ತೆ. ಗೊತ್ತಿಲ್ಲ ಅಂದರೆ ಯಾವುದೂ ನಡೆಯಲ್ಲ."

ಚಿಗವ್ವ ಎದ್ದು ನಿಂತು ಹೇಳಿದಳು: "ಖಾರಾ ಕುಟ್ಟಿಸಾಕ ಬರ್ತಾರಪಾ. ಮತ್ತ್ಯಾಕ ಬರ್ತಾರ, ನನ್ನ ಮಾರಿ ನೋಡಾಕನ?"

ಸಭೆ ಇನ್ನೂ ಜೋರಾಗಿ ನಕ್ಕಿತು. ಉತ್ತರ ಸರಿ ಎಂದು ನಾನೂ ನಕ್ಕೆ.

ಬರುವಾಗ ಬ್ಯಾಡಗಿಯಲ್ಲಿ ಇಳಿದೆವು. ತಾವೇ ಕಾಯಿ ಆರಿಸಲು ಆಗದ ಗಿರಾಕಿಗಳಿಗೆ ಚಿಗವ್ವ ಅಲ್ಲಿನ ಒಬ್ಬ ದಲಾಲಿಯಿಂದ ಕಾಯಿ ತರಿಸಿಕೊಡುತ್ತಾಳೆ. ಆತ ನಮಗೆಲ್ಲ ಕಾಕಾ. ಅಂಗಡಿಯ ಮುಂದೆ ಕೆಂಪು ರಾಶಿ, ಸುಕ್ಕುಸುಕ್ಕಾದ ಕಾಯಿ, ಕಾಲಿಟ್ಟರೆ ಒಣ ಎಲೆಯಂತೆ ಸದ್ದು. ಹೊಸಬರಿಗೆ ಅಲ್ಲಿ ಮಾತಾಡಲು ಗಂಟಲು ಬಿಡುವುದಿಲ್ಲ. ನನಗೆ ಎಲ್ಲಿದ್ದರೂ ಬಿಡುತ್ತದೆ. ಚಹಾ ಬರುವಷ್ಟರಲ್ಲಿ ತರಬೇತಿಯಲ್ಲಿ ಕೇಳಿದ ದಾರಿಗಳನ್ನೆಲ್ಲ ಒಂದೊಂದಾಗಿ ಕೆಡವಿ ಹಾಕಿದ್ದೆ. ರೀಲ್ಸ್ ಮಾಡಿದರೆ ಎಲ್ಲಿಯದೋ ಊರಿನವರು ನೋಡುತ್ತಾರೆ. ಅವರೇನು ಕಾಯಿ ಹೊತ್ತುಕೊಂಡು ರಾಣೇಬೆನ್ನೂರಿಗೆ ಬರುತ್ತಾರೆಯೇ? ಅಲ್ಲದೆ ಸೀನುವ ಹೆಂಗಸರ ವಿಡಿಯೋ ಹಾಕಿದರೆ ಅದು ಪ್ರಚಾರವಲ್ಲ, ನಗೆಪಾಟಲು. ಮಾರಾಟ ತಾಣದಲ್ಲಿ ಪೊಟ್ಟಣ ಇಟ್ಟರೆ ನಮ್ಮ ಕಟ್ಟೆ ಖಾಲಿ ಮಾಡಿದ ಪೊಟ್ಟಣಗಳ ಸಾಲಿಗೆ ನಾವೂ ಒಂದು. ಜಾಲತಾಣ ಕಟ್ಟಿದರೆ ಹುಡುಕುವವರು ಬೇಕಲ್ಲ.

ಕಾಕಾ ಕೇಳಿ ಕೇಳಿ, "ಅಲ್ಲವಾ, ನೀ ಎಲ್ಲಾದಕ್ಕೂ ಬ್ಯಾಡ ಅಂತೀದಿ. ಹೂಂ ಅನ್ನೂದು ಯಾವುದರ ಒಂದು ಐತೇನ ಇಲ್ಲ?" ಎಂದ.

"ಆಕಿ ಹುಟ್ಟಿದಾಗ ಅಳಲಿಲ್ಲರಿ ಕಾಕಾ," ಎಂದಳು ಚಿಗವ್ವ. "ಯಾಕ ಅಳಬೇಕು, ಕಾರಣಾ ಹೇಳ್ರಿ ಅಂತ ಸೂಲಗಿತ್ತಿನ್ನ ಕೇಳಿದ್ಲು."

ನಾನು ಎರಡಕ್ಕೆ ಹೂಂ ಅಂದೆ. ಮ್ಯಾಪಿನಲ್ಲಿ ಗಿರಣಿಯನ್ನು ಗುರುತು ಮಾಡುವುದು. ಅದಕ್ಕೆ ಖರ್ಚಿಲ್ಲ, ನಷ್ಟವೂ ಇಲ್ಲ. ಎರಡನೆಯದು, ರಾಣೇಬೆನ್ನೂರಿನ ಫೋನುಗಳಿಗೆ ಮಾತ್ರ ಹೋಗುವ ಜಾಹೀರಾತು. ನಮ್ಮ ಗಿರಾಕಿ ಇರುವುದು ಇಲ್ಲೇ, ಇಲ್ಲಿಗೆ ಮಾತ್ರ ಕಾಸು ಸುರಿದರೆ ತರ್ಕಕ್ಕೆ ಒಪ್ಪುತ್ತದೆ. ಆದರೆ ಜಾಹೀರಾತಿನಲ್ಲಿ ಏನು ಹೇಳುವುದು? ಖಾರ ಕುಟ್ಟುತ್ತೇವೆ ಎಂದರೆ ಅದು ಎಲ್ಲರಿಗೂ ಗೊತ್ತು. ಹೊಸದೇನು?

ಚಿಗವ್ವ ಕೆಂಪು ರಾಶಿಯ ಕಡೆ ನೋಡುತ್ತಾ ಹೇಳಿದಳು: "ಪಾಪ, ಬಿಸಲಾಗ ಚೀಲಾ ಹೊತ್ಕೊಂಡ ಬರ್ತಾರ. ಅಷ್ಟೊತ್ತ ಕುಂದರ್ತಾರ, ಸೀನತಾರ, ಕಣ್ಣು ಉರಕೋತಾರ. ನಾವ ಅವರ ಮನಿಗೆ ಹೋಗಿ ಕಾಯಿ ತರೂಣು. ಕುಟ್ಟಿ ಮನಿಗೆ ಮುಟ್ಟಸೂಣು. ಗುರ್ತಿನ ಆಟೋ ಐತಿ."

ಕಾಕಾ ತಲೆದೂಗಿದ. ನಾನು ಆಕ್ಷೇಪಣೆ ಹುಡುಕಿದೆ, ಸಿಗಲಿಲ್ಲ. ಎಷ್ಟೋ ದಿನಗಳ ಮೇಲೆ ಮೂವರೂ ಒಂದೇ ಪಕ್ಷ. ಪಕ್ಕದ ಫೋಟೋ ಸ್ಟುಡಿಯೋದವರು ಚಂದದ ಪೋಸ್ಟರ್ ಮಾಡಿಕೊಟ್ಟರು. ಕೆಂಪು ಕಾಯಿ, ಮೇಲೆ ಸೂರ್ಯ, ಕೆಳಗೆ ಚಿಗವ್ವನ ಮಾತು: "ಬಿಸಿಲಿನಲ್ಲಿ ಬರಬೇಡಿ. ಕಾಯುತ್ತಾ ಕೂರಬೇಡಿ. ನಿಮ್ಮ ಖಾರ ನಾವೇ ಕುಟ್ಟಿ ಮನೆಗೆ ತಲುಪಿಸುತ್ತೇವೆ."

ಜಾಹೀರಾತು ಓಡಿತು. ಫೋನಿನಲ್ಲಿ ಹೆಬ್ಬೆರಳು, ಹೃದಯ, ಕೈಮುಗಿಯುವ ಚಿತ್ರ ಸುರಿದವು. ಮ್ಯಾಪಿನಲ್ಲಿ ಯಾರೋ ಮೂರು ಚುಕ್ಕೆ ಕೊಟ್ಟು "ಒಳ್ಳೆಯ ಗಿರಣಿ, ಆದರೆ ಸೀನು ಬರುತ್ತದೆ" ಎಂದು ಬರೆದರು. ಚಿಗವ್ವ ಅದನ್ನು ಬಂದವರಿಗೆಲ್ಲ ಓದಿಸಿ ನಕ್ಕಳು.

ಆಮೇಲೆ ಓದಿಸೋಣವೆಂದರೆ ಬರುವವರೇ ಕಡಿಮೆಯಾದರು.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಕಟ್ಟೆ ತುಂಬಬೇಕಾದ ದಿನಗಳು. ಕಾಯಿ ಒಯ್ಯಿರಿ ಎಂದು ಫೋನು ಮಾಡಿದವರು ಬೆರಳೆಣಿಕೆ. ಅದು ಹೋಗಲಿ, ಪ್ರತಿವರ್ಷ ತಪ್ಪದೆ ಬರುತ್ತಿದ್ದವರೂ ಬರಲಿಲ್ಲ. ಸಂತೆಯಲ್ಲಿ ಎದುರಾದರೆ "ಬರ್ತೇವ್ರಿ, ಬರ್ತೇವಿ" ಎಂದು ಬದನೆಕಾಯಿಯ ಕಡೆ ತಿರುಗುತ್ತಿದ್ದರು. ಚಿಗವ್ವ ಎಣ್ಣೆ ಬೇಡದ ಯಂತ್ರಕ್ಕೆ ಎಣ್ಣೆ ಹಾಕುತ್ತಾ ಕೂರುತ್ತಿದ್ದಳು. ವ್ಯಾಪಾರಿಯ ಫೋನು ಮಾತ್ರ ತಪ್ಪುತ್ತಿರಲಿಲ್ಲ. "ಅಕ್ಕಾರ, ಹೆಂಗೈತ್ರಿ ಹಂಗಾಮ?" ಎಂದು ಅವನು ಕೇಳುವ ದನಿಯಲ್ಲಿ ಕನಿಕರವೂ ಇತ್ತು, ಅದೇ ಹೆಚ್ಚು ಚುಚ್ಚುತ್ತಿತ್ತು.

ನನ್ನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಪೊಟ್ಟಣ, ಬಿಸಿಲು, ಕಾಯಿಯ ಧಾರಣೆ. ಆದರೆ ಇವೆಲ್ಲ ಹೋದ ವರ್ಷವೂ ಇದ್ದವು, ಆಗ ಕಟ್ಟೆ ಇಷ್ಟು ಖಾಲಿ ಇರಲಿಲ್ಲ. ತರ್ಕದ ಪಾಠ ಹೇಳುವವಳು ನಾನು; ಹೋದ ವರ್ಷ ಇಲ್ಲದೆ ಈ ವರ್ಷ ಬಂದದ್ದು ಏನು ಎಂದು ಕೇಳಿಕೊಂಡರೆ ಉತ್ತರ ಒಂದೇ. ನಮ್ಮ ಜಾಹೀರಾತು. ಆದರೆ ಉಪಕಾರ ಮಾಡುತ್ತೇವೆ ಎಂದರೆ ಜನ ಯಾಕೆ ಓಡಿಹೋಗುತ್ತಾರೆ? ಇದಕ್ಕೆ ಸಾಕ್ಷಿ ಬೇಕು. ಬಂದವರನ್ನು ಕೇಳಿ ಉಪಯೋಗವಿಲ್ಲ. ಬಾರದವರನ್ನು ಕೇಳಬೇಕು.

ಹಾವೇರಿಯ ನನ್ನ ಹಳೆಯ ಕಾಲೇಜಿನವರು ಚರ್ಚಾಸ್ಪರ್ಧೆಗೆ ತೀರ್ಪು ಕೊಡಲು ಕರೆದಿದ್ದರು. ಅದು ಮುಗಿಸಿಕೊಂಡು ನಮ್ಮ ಹಳೆಯ ಗಿರಾಕಿಯೊಬ್ಬರ ಮನೆಗೆ ಹೋದೆ. ಅವರು ಹಾವೇರಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಾರೆ. ತವರು ರಾಣೇಬೆನ್ನೂರು, ಹಾಗಾಗಿ ಖಾರ ಕುಟ್ಟಿಸಲು ಪ್ರತಿ ಬೇಸಿಗೆ ನಮ್ಮಲ್ಲಿಗೇ. ಕಟ್ಟೆಯ ಮೇಲೆ ನನ್ನ ಜೊತೆ ವಾದಕ್ಕೆ ನಿಂತು ಸೋಲದವರು ಅವರೊಬ್ಬರೇ.

ಬಾಗಿಲು ತೆಗೆದವರು, "ಬಾ ತಂಗಿ. ಗಿರಣಿ ಕಡಿಂದ ಕಾಯಿ ಒಯ್ಯಾಕ ಬಂದೀಯೇನ?" ಎಂದರು. ದನಿ ತಣ್ಣಗಿತ್ತು.

ಒಳಗೆ ಹೋದರೆ ಗೋಡೆಗೆ ಒರಗಿಸಿ ಎರಡು ಬಟ್ಟೆಯ ಚೀಲ. ಕೈ ಹಾಕಿ ನೋಡಿದೆ. ಕಾಯಿ ಗರಿಗರಿಯಾಗಿ ಒಣಗಿತ್ತು, ತೊಟ್ಟು ಮುರಿದಾಗಿತ್ತು. ಪಕ್ಕದಲ್ಲಿ ಹುರಿದು ಆರಿಸಿದ ಮಸಾಲೆಯ ಡಬ್ಬಿ. ಎಲ್ಲ ತಯಾರು. ಅವರು ಪೊಟ್ಟಣವನ್ನೂ ತಂದಿರಲಿಲ್ಲ, ಬೇರೆ ಗಿರಣಿಗೂ ಹೋಗಿರಲಿಲ್ಲ.

"ಬಾಯಾರ, ಎಲ್ಲಾ ಸಜ್ಜ ಮಾಡಿ ಇಟ್ಟೀರಿ. ಮತ್ತ ಯಾಕ ಬರಲಿಲ್ಲ?"

"ತವರಿನವರು ನಿಮ್ಮ ಜಾಹೀರಾತ ಕಳಿಸಿದ್ರು. ನೀವ ಬರಬ್ಯಾಡ್ರಿ ಅಂದ್ರಿ. ಬರಲಿಲ್ಲ."

"ಬಿಸಲಾಗ ಬರಬ್ಯಾಡ್ರಿ ಅಂದೇವ್ರಿ. ನಿಮಗ ತ್ರಾಸ ಆಗಬಾರದು ಅಂತ."

"ತ್ರಾಸ ಆಗತೈತಿ ಅಂತ ನಾ ನಿಮಗ ಅರ್ಜಿ ಕೊಟ್ಟಿದ್ದೆನೇನ?" ಬಾಯಾರು ಕುರ್ಚಿ ಎಳೆದು ನನ್ನ ಎದುರಿಗೆ ಕೂತರು. "ಇಷ್ಟ ವರ್ಷ ಕುಂದ್ರಿ ಅಂದವರು ಈಗ ಕುಂದರಬ್ಯಾಡ್ರಿ ಅಂತಾರಂದ್ರ ಏನರ್ಥ? ಕುಟ್ಟೂದು ನಾವು ನೋಡಬಾರದು, ಅಷ್ಟ. ಏನೋ ಬೆರಸ್ತಾರ, ಇಲ್ಲಾ ಎಲ್ಲಾರದೂ ಕೂಡಿಸಿ ಒಮ್ಮೆಲೆ ಕುಟ್ಟಿ ತೂಕಾ ಮಾಡಿ ಹಂಚತಾರ. ನಾ ಒಬ್ಬಾಕೀನ ಅಲ್ಲ, ನಿಮ್ಮ ಓಣ್ಯಾಗ ಎಲ್ಲಾರೂ ಹಿಂಗ ಮಾತಾಡಾಕತ್ತಾರ. ನಿಮ್ಮ ಚಿಗವ್ವನ ಮುಂದ ಹೇಳಾಕ ನಾಚಿಗಿ, ಅದಕ್ಕ ಸುಮ್ನದಾರ."

ಚಿಗವ್ವ ಕನಿಕರದಿಂದ ಆಡಿದ ಮಾತನ್ನು ಊರು ಸಂಶಯದಿಂದ ಓದಿತ್ತು. ನಮ್ಮ ಮೂವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ನಾವು ಯಂತ್ರದ ಆ ಕಡೆ ನಿಲ್ಲುವವರು. ಕಟ್ಟೆಯಿಂದ ಯಂತ್ರ ಹೇಗೆ ಕಾಣುತ್ತದೆ ಎಂದು ನಾವು ಕೂತು ನೋಡಿದವರಲ್ಲ. ತರಬೇತಿಯ ಯುವಕ ಕೇಳಿದ ಪ್ರಶ್ನೆ ನೆನಪಾಯಿತು. ಗಿರಾಕಿ ಖಾರ ಕುಟ್ಟಿಸಲು ಬರುತ್ತಾರೆ ಎಂದಿದ್ದಳು ಚಿಗವ್ವ. ಅಲ್ಲ. ಕುಟ್ಟುವುದನ್ನು ಕಣ್ಣಾರೆ ನೋಡಲು ಬರುತ್ತಾರೆ. ಅದೊಂದನ್ನೇ ಪೊಟ್ಟಣದವರು ಕೊಡಲಾರರು. ಆ ಒಂದನ್ನೇ ನಾವು ಕಾಸು ಕೊಟ್ಟು, ಪೋಸ್ಟರ್ ಮಾಡಿಸಿ, ಕೊಡುವುದಿಲ್ಲ ಎಂದು ಸಾರಿದ್ದೆವು.

ಆದರೆ ಎದುರಿಗೆ ಬಾಯಾರು ಕೂತಿರುವಾಗ ಸುಮ್ಮನೆ ಎದ್ದು ಬರುವುದು ನನ್ನಿಂದ ಆಗದ ಕೆಲಸ.

"ಒಂದು ಮಾತ ಕೇಳ್ತೇನ್ರಿ. ಪುಣೇದಾಗ ನಿಮ್ಮ ಮಗಳು ಅದಾರ. ಅವರೂ ನಿಮ್ಮ ಖಾರಾನ ಉಣ್ಣೂದು. ಅವರೇನ ಬಂದು ಕಟ್ಟಿ ಮ್ಯಾಲ ಕುಂತಿರ್ತಾರೇನು?"

"ಆಕಿ ಪರವಾಗಿ ನಾ ಕುಂತಿರ್ತೇನಲ್ಲ."

"ಅಂದ್ರ ಎಲ್ಲಾರ ಕಣ್ಣು ಬೇಕಂತಿಲ್ಲ. ನಂಬಿಗಿ ಇರೂ ಒಂದ ಕಣ್ಣು ಸಾಕು. ಹೌದಿಲ್ಲೋ?"

"ಹೌದು."

"ಆ ಕಣ್ಣು ಫೋನಿನ್ಯಾಗಿಂದ ನೋಡಿದ್ರ?"

ಬಾಯಾರು ನಕ್ಕರು. "ಫೋನಿನ ಕಣ್ಣಿಗೆ ಖಾರಾ ಹತ್ತಂಗಿಲ್ಲ ತಂಗಿ. ಕಣ್ಣಾಗ ನೀರ ಬರದ ನೋಡಿದ್ದು ಎಂಥಾ ನೋಡೂದು?" ಹಾಗೆ ಹೇಳಿದರೂ ಅವರ ಮುಖದಲ್ಲಿ ಏನೋ ಲೆಕ್ಕಾಚಾರ ನಡೆದಿತ್ತು. ಮೊಳಕಾಲಿನ ಮೇಲೆ ಕೈ ಇಟ್ಟುಕೊಂಡು, "ಖರೇ ಹೇಳ್ಬೇಕಂದ್ರ ಈ ವರ್ಷ ಬಸ್ ಹತ್ತೂದು ನನಗೂ ಆಗವಲ್ದು" ಎಂದರು. "ನೋಡೂಣಂತ. ಆದ್ರ ನನ್ನ ಷರತ್ತು ಕೇಳು."

ಷರತ್ತು ಕೋರ್ಟಿನವರದು. ಚೀಲದ ಬಾಯಿಯನ್ನು ಅವರೇ ಕೆಂಪು ದಾರದಿಂದ ಹೊಲಿದರು. ಆ ಹೊಲಿಗೆಯನ್ನು ವಿಡಿಯೋ ಕಾಲಿನಲ್ಲಿ ತೋರಿಸಿ, ಅವರು ಹೂಂ ಎಂದ ಮೇಲೆ ಬಿಚ್ಚಬೇಕು. ಫೋನು ಯಂತ್ರದ ಎದುರಿಗೆ, ಕಟ್ಟೆಯ ಮೇಲೆ, ಅವರು ಕೂರುವ ಜಾಗದಲ್ಲೇ ಇರಬೇಕು. ಮೊದಲ ಪೆಟ್ಟಿನಿಂದ ಡಬ್ಬಿಯ ಮುಚ್ಚಳ ಬೀಳುವವರೆಗೂ ಫೋನು ನಡುವೆ ಕಡಿಯಬಾರದು. "ಕಡೀತು ಅಂದ್ರ ಕೇಸ್ ಖಾರಿಜ್. ಆ ಖಾರಾ ನೀವ ಉಣ್ರಿ."

ಎರಡೂ ಚೀಲ ಹೊತ್ತುಕೊಂಡು ಬಸ್ಸು ಹತ್ತಿದೆ. ಊರಿಗೆ ಬಂದು ಚಿಗವ್ವನಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವಳಿಗೆ ನೋವಾಯಿತು. "ನಾ ಬೆರಸ್ತೇನಿ ಅಂದ್ರಾ?" ಎಂದು ಒಮ್ಮೆ ಕೇಳಿದಳು. ಮತ್ತೆ ತಾನೇ, "ಅವರ ಜಾಗಾದಾಗ ನಾ ಇದ್ರ ನಾನೂ ಹಂಗ ಅಂತಿದ್ದೆ ಬಿಡು" ಎಂದಳು. ಆ ಮಾತು ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಎದುರು ಪಕ್ಷದ ಕುರ್ಚಿಯಲ್ಲಿ ಹೀಗೆ ತಕ್ಷಣ ಕೂತು ನೋಡಬಲ್ಲವರನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ.

ಮರುದಿನ ಕಟ್ಟೆಯ ಮೇಲೆ ಜೋಳದ ಡಬ್ಬಿ ಇಟ್ಟು, ಅದಕ್ಕೆ ಚಿಗವ್ವನ ಫೋನು ಒರಗಿಸಿ, ಬೀಳದಂತೆ ಬಟ್ಟೆಯಿಂದ ಕಟ್ಟಿದೆವು. ಆ ಹೊತ್ತಿಗೆ ಗಿರಣಿಯಲ್ಲಿದ್ದವರು ಪಕ್ಕದ ಓಣಿಯ ಒಬ್ಬ ಅಜ್ಜಿ ಮಾತ್ರ. ಬಾಯಾರ ಮುಖ ಪರದೆಯ ಮೇಲೆ ಬಂದಿತು. ಹೊಲಿಗೆ ನೋಡಿದರು. ಹೂಂ ಎಂದರು. ಅಷ್ಟರಲ್ಲಿ ಪುಣೆಯಿಂದ ಮಗಳೂ ವಿಡಿಯೋ ಕಾಲಿಗೆ ಸೇರಿಕೊಂಡಳು.

"ಒರಳ ತೋರಸ್ರಿ. ಒಳಗ, ಒಳಗ. ಆ ಮೂಲ್ಯಾಗ ಏನ ಹತ್ತೇತಿ?"

"ಅದು ನೆರಳರಿ ಬಾಯಾರ."

"ನೆರಳಾದ್ರ ಒರೆಸಿ ತೋರಸ್ರಿ."

ಚಿಗವ್ವ ನೆರಳನ್ನೂ ಒರೆಸಿದಳು. ಯಂತ್ರ ಶುರುವಾಯಿತು. ಮೊದಲ ಪೆಟ್ಟುಗಳು ಬಿದ್ದಕೂಡಲೇ ಫೋನಿನಿಂದ ಕೂಗು: "ಒರಳಿನ ಹಿಡಿ ತಗದ್ರ್ಯಾ?"

"ತಗದೇನ್ರಿ. ನೋಡ್ರಿ ಇಲ್ಲೆ." ಚಿಗವ್ವ ಅಂಗೈಯಲ್ಲಿ ಹಿಡಿದು ತೋರಿಸಿದಳು.

"ಅದನ್ನ ನಮ್ಮ ಡಬ್ಬಿಗೆ ಹಾಕಬ್ಯಾಡ್ರಿ ಮತ್ತ. ಅದು ನಿಮ್ಮದು. ದೂರ ಅದೇವಿ ಅಂತ ಪದ್ಧತಿ ಬಿಡಬ್ಯಾಡ್ರಿ."

ಕಟ್ಟೆಯ ಮೇಲಿದ್ದ ಅಜ್ಜಿ ಫೋನಿನ ಹತ್ತಿರ ಸರಿದು, ಪರದೆಗೆ ಮೂಗು ತಾಗುವಷ್ಟು ಬಾಗಿ, "ಯವ್ವಾ, ನೀ ಎಲ್ಲಾಕಿ? ಕೊತ್ತಂಬ್ರಿ ಬಾಳಾತಲ್ಲ ನಿಂದು" ಎಂದಳು. ಬಾಯಾರು ತಿರುಗಿ ಬಿದ್ದರು. ಕೊತ್ತಂಬರಿಯ ಮೇಲೆ ಇಬ್ಬರಿಗೂ ಅಲ್ಲೇ ವಾದ ಶುರುವಾಯಿತು. ಪುಣೆಯ ಮಗಳು ನಗುತ್ತಿದ್ದಳು. ನಡುವೆ ಪರದೆ ಮಸುಕಾಯಿತು. ಕೆಂಪು ಧೂಳು ಕೂತಿತ್ತು. ಚಿಗವ್ವ ಸೆರಗಿನಿಂದ ಒರೆಸಿ, "ನಿಮ್ಮ ಕಣ್ಣಿಗೂ ಖಾರಾ ಹತ್ತಿತು ನೋಡ್ರಿ ಬಾಯಾರ" ಎಂದಳು. ಪರದೆಯ ಮೇಲೆ ಬಾಯಾರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಕಂಡಿತು. ನಗುವಿನಿಂದಲೋ ಏನೋ, ನಾನು ಕೇಳಲಿಲ್ಲ.

ಡಬ್ಬಿಯ ಮುಚ್ಚಳ ಬಿತ್ತು. ಫೋನು ನಡುವೆ ಕಡಿದಿರಲಿಲ್ಲ. ಖಾರ ಹಾವೇರಿಗೆ ಹೋಯಿತು, ಅದರಲ್ಲಿ ಅರ್ಧ ಪುಣೆಗೂ ಹೋಯಿತು. ಬಾಯಾರು ಮೆಚ್ಚುಗೆಯ ಮಾತು ಹೇಳಲಿಲ್ಲ. ಬದಲಿಗೆ ತಮ್ಮ ನಿವೃತ್ತರ ಗ್ರೂಪಿನಲ್ಲಿ ಒಂದು ಸಂದೇಶ ಹಾಕಿದರು: ಕುಟ್ಟುವುದನ್ನು ಪೂರ್ತಿ ನೋಡಿದ್ದೇನೆ, ಬೆರಕೆ ಇಲ್ಲ. ಅವರಿಂದ ಅಂಥ ಮಾತು ಬರೆಸಿಕೊಳ್ಳುವುದು ತೀರ್ಪು ಪಡೆದಂತೆ. ಅದು ಅವರ ಅಕ್ಕನ ಮಕ್ಕಳ ಗ್ರೂಪಿಗೆ ಹೋಯಿತು, ಅಲ್ಲಿಂದ ಕರ್ಜಗಿಗೆ, ಅಲ್ಲಿಂದ ಹುಬ್ಬಳ್ಳಿಗೆ. ನಾವು ಕಾಸು ಕೊಟ್ಟ ಜಾಹೀರಾತನ್ನು ನಿಲ್ಲಿಸಿದೆವು. ಹೊಸ ಪೋಸ್ಟರಿನಲ್ಲಿ ಖಾಲಿ ಕಟ್ಟೆಯ ಫೋಟೋ, ಅದರ ಮೇಲೆ ಚಿಗವ್ವನ ಬಾಯಿಂದ ಬಂದ ಮಾತು ಬಂದಂತೆಯೇ: "ಬರ್ರಿ, ಕುಂದ್ರಿ, ನೋಡ್ರಿ. ಬರಾಕ ಆಗದವರು ಫೋನ್ ಹಚ್ಚಿ ಕುಂದ್ರಿ." ಅದನ್ನು ನಮ್ಮ ಸ್ಟೇಟಸ್ಸಿಗೆ ಹಾಕಿದೆವು, ಅಷ್ಟೇ. ಹಳೆಯ ಗಿರಾಕಿಗಳು ತಮ್ಮ ಸ್ಟೇಟಸ್ಸಿಗೆ ತಾವೇ ಹಾಕಿಕೊಂಡರು.

ಪೋಸ್ಟರ್ ನೋಡಿದ ಓಣಿಯವರು ಮೊದಲು ಬಂದರು. ಬರುವಾಗ ಮುಖ ಸಣ್ಣದು ಮಾಡಿಕೊಂಡು ಬಂದರು. ಚಿಗವ್ವ ಏನೂ ಆಗಿಲ್ಲವೆಂಬಂತೆ ಕಟ್ಟೆ ಒರೆಸಿ ಕೊಟ್ಟಳು. ಆಮೇಲೆ ಹೊರಗಿನ ಚೀಲಗಳು ಬರತೊಡಗಿದವು. ಕೆಲವು ಬಸ್ಸಿನಲ್ಲಿ, ಕೆಲವು ಬ್ಯಾಡಗಿಯ ಕಾಕಾನ ಅಂಗಡಿಯಿಂದಲೇ ನೇರವಾಗಿ. ಕಾಯಿ ಆರಿಸುವಾಗಲೂ ವಿಡಿಯೋ ಕಾಲು ಬೇಕೆಂದು ಗಿರಾಕಿಗಳು ಹಟ ಹಿಡಿದು ಆತನ ತಲೆ ತಿಂದರು. "ನಿನ್ನಿಂದ ಹೆಂಗಸರು ನನ್ನ ರಾಶಿ ಒಳಗೂ ಕಣ್ಣು ಹಾಕಾಕತ್ತಾರ" ಎಂದು ಆತ ನನಗೆ ಫೋನು ಮಾಡಿ ಬೈದ. ಬೈಗುಳದಲ್ಲಿ ಖುಷಿ ಇತ್ತು.

ಇಷ್ಟರಿಂದ ಏನು ಸಿದ್ಧವಾಯಿತು ಎಂದು ಕೇಳಿದರೆ ನಾನು ಹುಷಾರಾಗಿಯೇ ಉತ್ತರ ಕೊಡುತ್ತೇನೆ. ಆ ಬೇಸಿಗೆಯಲ್ಲಿ ಮದುವೆಗಳೂ ಹೆಚ್ಚಿದ್ದವು. ಕಟ್ಟೆ ಹಳೆಯ ಕಾಲದಷ್ಟು ತುಂಬಲಿಲ್ಲ. ತುಂಬಿತು ಎಂದು ಯಾರಾದರೂ ಹೇಳಿದರೆ ನಾನೇ ಎದ್ದು ನಿಂತು ವಿರೋಧಿಸುತ್ತೇನೆ. ಬೇರೆ ಅಂಗಡಿಗೆ ಇದೇ ಉಪಾಯ ನಡೆಯುತ್ತದೆ ಎಂದೂ ಹೇಳುವುದಿಲ್ಲ. ಆದರೆ ಒಂದು ಮಾತಿಗೆ ವಿರೋಧ ಹುಡುಕಿ ಸೋತಿದ್ದೇನೆ. ನಮ್ಮ ಗಿರಣಿಯನ್ನು ಕಾಪಾಡಿದ್ದು ನಮ್ಮನ್ನು ನಂಬಿದವರಲ್ಲ, ನಂಬಲು ಒಪ್ಪದವರು. ಚೀಲ ಹೊಲಿದು ಕಳಿಸಿ ನೆರಳನ್ನೂ ಒರೆಸಿರಿ ಎಂದ ಬಾಯಾರು, ನನ್ನ ಕೊಂಕು ಪ್ರಶ್ನೆಗೆ ತಿರುಗಿ ಒಳ್ಳೆಯ ಪ್ರಶ್ನೆ ಕೊಟ್ಟ ಆ ಯುವಕ. ಸಂಶಯ ನನ್ನೊಬ್ಬಳ ಸೊತ್ತು, ಕಾಲೇಜಿನಲ್ಲಿ ಗಳಿಸಿದ್ದು ಎಂದುಕೊಂಡಿದ್ದೆ. ಅದು ನನಗೆ ಹಿತ್ತಾಳೆಯ ಡಬ್ಬಿಯಿಂದ, ಹಿಡಿ ಹಿಡಿಯಾಗಿ, ಈ ಹೆಂಗಸರಿಂದಲೇ ಬಂದದ್ದು. ಅವರ ಉಪಕಾರ ನನ್ನ ಮೇಲೆ ಇದೆ.

ವ್ಯಾಪಾರಿ ಕೊನೆಯ ಸಲ ಫೋನು ಮಾಡಿದ್ದು ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ. ಎರಡೂ ಯಂತ್ರ ಓಡುತ್ತಿದ್ದವು. ಕಟ್ಟೆಯ ಮೇಲೆ ಓಣಿಯ ಹೆಂಗಸರು ಸರಿದು ಕೂತು, ನಡುವೆ ಒಬ್ಬರ ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ಜೋಳದ ಡಬ್ಬಿ, ಅದಕ್ಕೆ ಕಟ್ಟಿದ ಚಿಗವ್ವನ ಫೋನು. ಫೋನಿನೊಳಗೆ ಹುಬ್ಬಳ್ಳಿಯ ಬಾಣಂತಿಯೊಬ್ಬಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತನ್ನ ಖಾರ ನೋಡುತ್ತಿದ್ದಳು. ಅವಳ ಮುಖದ ಮೇಲೆ ಅಡ್ಡಲಾಗಿ ವ್ಯಾಪಾರಿಯ ಕರೆ ಮೂಡಿತು.

ನಾನು ಚಿಗವ್ವನನ್ನು ನೋಡಿದೆ. ಇಷ್ಟು ದಿನ ಅವನ ಕರೆಯನ್ನು ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ. ಎತ್ತಿದರೆ ಬಾಣಂತಿಯ ವಿಡಿಯೋ ಕಾಲು ನಡುವೆ ನಿಲ್ಲುತ್ತದೆ.

"ಯಾರದು?" ಎಂದಳು, ಯಂತ್ರದ ಸದ್ದಿನ ಮೇಲೆ ದನಿ ಎತ್ತಿ.

"ಯಂತ್ರ ಒಯ್ಯೂ ಅಣ್ಣಾರು. ಏನ ಹೇಳ್ಲಿ?"

ಚಿಗವ್ವ ಬಂದು, ಕೆಂಪಾದ ಬೆರಳಿನಿಂದ ಆ ಕರೆಯನ್ನು ಪಕ್ಕಕ್ಕೆ ತಳ್ಳಿದಳು. ಬಾಣಂತಿಯ ಮುಖ ಮತ್ತೆ ಪೂರ್ತಿ ಕಂಡಿತು, ಗಾಜಿನ ಮೇಲೆ ಒಂದು ಕೆಂಪು ಗೆರೆಯ ಹಿಂದೆ.

"ಕುಟ್ಟೂದು ನಡದೈತಿ, ನಡುವ ಕಡಿಯಾಕ ಬರಂಗಿಲ್ಲ ಅಂತ ಆಮ್ಯಾಲ ಹೇಳು" ಎಂದು ಯಂತ್ರದ ಕಡೆ ತಿರುಗಿದಳು. ಫೋನಿನೊಳಗಿಂದ ಬಾಣಂತಿ, "ಅಕ್ಕಾರ, ಒರಳಿನ ಹಿಡಿ ತಗದ್ರ್ಯಾ?" ಎಂದು ಕೇಳುತ್ತಿದ್ದಳು.